ಬಿಡುಗಡೆಯ ನಂತರದ ಕ್ಷೇಮಪತ್ರ

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಪಾಲಿಗೆ ಹೆಚ್ಚು ಅಪಾಯದ ಕಾಲವೆಂದರೆ ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳು. ಮನೋರೋಗ ವಿಭಾಗಗಳಿಂದ ಬಿಡುಗಡೆಯಾದವರ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇಂಥವರಲ್ಲಿ ವರ್ಷಕ್ಕೆ ಲಕ್ಷಕ್ಕೆ 484 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಬಿಡುಗಡೆಯ ನಂತರದ ಮೊದಲ 3 ತಿಂಗಳನ್ನಷ್ಟೇ ಲೆಕ್ಕ ಹಾಕಿದರೆ ಆ ಪ್ರಮಾಣ 1,132ಕ್ಕೆ ಏರುತ್ತದೆ. ಕಾರಣ ಊಹಿಸಲಾಗದ್ದೇನಲ್ಲ. ವಾರ್ಡಿನಲ್ಲಿರುವಾಗ ಸುತ್ತ ಜನರಿರುತ್ತಾರೆ, ಹೊತ್ತು ಹೊತ್ತಿಗೆ ಬಂದು ನೋಡುವ ನರ್ಸ್ ಇರುತ್ತಾರೆ. ಮನೆಯಲ್ಲಿ ಸಾಲ, ಜಗಳ, ಕಾಯಿಲೆ, ಒಂಟಿತನ ಎಲ್ಲವೂ ಬಿಟ್ಟು ಹೋದಂತೆಯೇ ಕಾದಿರುತ್ತವೆ. ಜೊತೆಗೆ ಊರವರ ಮಾತು. ಇಂಥ ದಿನ ಮತ್ತೆ ಬನ್ನಿ ಎಂದು ಚೀಟಿಯಲ್ಲಿ ತಾರೀಕು ಬರೆದು ಕಳಿಸಿದರೂ ಬಹಳ ಜನ ಆ ದಿನ ಬರುವುದಿಲ್ಲ.

ಆ ವಾರಗಳಲ್ಲಿ ಆಸ್ಪತ್ರೆಯೇ ಮುಂದಾಗಿ ಪತ್ರ, ಅಂಚೆ ಕಾರ್ಡು, ಫೋನು ಅಥವಾ ಮೊಬೈಲ್ ಸಂದೇಶದ ಮೂಲಕ ವ್ಯಕ್ತಿಯನ್ನು ವಿಚಾರಿಸಿಕೊಳ್ಳುತ್ತ ಹೋಗುವ ಪದ್ಧತಿಗೆ ಅರ್ಧ ಶತಮಾನ ದಾಟಿದ ಚರಿತ್ರೆಯಿದೆ. ಇದನ್ನು ಸಹಾಯವಾಣಿಯ ಜೊತೆ ಬೆರೆಸಬಾರದು. ಸಹಾಯವಾಣಿಗೆ ಕಷ್ಟದಲ್ಲಿರುವವರು ತಾವಾಗಿ ಕರೆ ಮಾಡಬೇಕು. ಇಲ್ಲಿ ನೆರವು ಕೊಡುವವರೇ ಕರೆ ಮಾಡುತ್ತಾರೆ. ವ್ಯತ್ಯಾಸ ಇಷ್ಟೇ ಆದರೂ ಇಡೀ ಚರಿತ್ರೆ ನಿಂತಿರುವುದು ಅದರ ಮೇಲೆ.

ಮೊದಲು ಬಂದದ್ದು ಕಾಯುವ ಬಗೆಯ ನೆರವು. ನ್ಯೂಯಾರ್ಕಿನಲ್ಲಿ ಹ್ಯಾರಿ ವಾರೆನ್ ಎಂಬ ಪಾದ್ರಿ 1906ರಲ್ಲಿ ‘ಸೇವ್ ಎ ಲೈಫ್ ಲೀಗ್’ ಆರಂಭಿಸಿದರು. 1953ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನಲ್ಲಿ ಚಾಡ್ ವಾರಾ ಒಂದು ಟೆಲಿಫೋನ್ ಇಟ್ಟುಕೊಂಡು ಕುಳಿತರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಅಲ್ಲಿ. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಡ್ವಿನ್ ಶ್ನೈಡ್‌ಮನ್, ನಾರ್ಮನ್ ಫಾರ್ಬೆರೊ, ರಾಬರ್ಟ್ ಲಿಟ್‌ಮನ್ ಸೇರಿ ಆತ್ಮಹತ್ಯೆ ತಡೆ ಕೇಂದ್ರವನ್ನು ತೆರೆದರು. ಈ ಕೇಂದ್ರಗಳು ಉಳಿಸಿದ ಜೀವಗಳಿಗೆ ಲೆಕ್ಕ ಸಿಗುವುದು ಕಷ್ಟ, ಅವುಗಳ ಬೆಲೆಯ ಬಗ್ಗೆ ಸಂಶಯವೂ ಬೇಡ. ಆದರೆ ತನ್ನ ಬದುಕಿಗೆ ಬೆಲೆಯಿಲ್ಲವೆಂದು ನಂಬಿಬಿಟ್ಟವರಲ್ಲಿ ಬಹಳ ಮಂದಿ ಯಾರಿಗೂ ಕರೆ ಮಾಡುವುದಿಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂಬ ಭಾವನೆಯೂ ಅವರ ಸಂಕಟದ ಒಂದು ಭಾಗ. ಅವರಿಗಾಗಿ ಬೇರೆ ದಾರಿ ಬೇಕಿತ್ತು.

ಆ ದಾರಿಯನ್ನು ಹುಡುಕಿದವರು ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟೊ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಯೂರೋಪಿನಲ್ಲಿ ಅಮೆರಿಕದ ಸೇನೆಯ ಸಿಪಾಯಿಯಾಗಿದ್ದರು. ಆಗ ಪರಿಚಯದ ಯುವತಿಯೊಬ್ಬಳಿಂದ ಬರುತ್ತಿದ್ದ ಕಾಗದಗಳು ಅವರಿಗೆ ಆಸರೆಯಾಗಿದ್ದವು. ಆ ಕಾಗದಗಳು ಅವರಿಂದ ಏನನ್ನೂ ಕೇಳುತ್ತಿರಲಿಲ್ಲ, ಹೀಗಿರು ಹಾಗಿರು ಎನ್ನುತ್ತಿರಲಿಲ್ಲ; ದೂರದಲ್ಲೊಬ್ಬರು ತನ್ನನ್ನು ನೆನೆಯುತ್ತಿದ್ದಾರೆ ಎಂಬುದನ್ನಷ್ಟೇ ತಿಳಿಸುತ್ತಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆತ್ಮಹತ್ಯೆಯ ಅಂಚಿನಲ್ಲಿದ್ದವರಿಗೆ ಚಿಕಿತ್ಸೆ ಕೊಡುತ್ತಿದ್ದ ಮೊಟೊ ಆ ಅನುಭವವನ್ನು ಪರೀಕ್ಷೆಗೆ ಒಡ್ಡಿದರು. ಯಾವ ಬೇಡಿಕೆಯನ್ನೂ ಹೇರದೆ ಒಬ್ಬ ಮನುಷ್ಯ ಇನ್ನೊಬ್ಬರ ಬಗ್ಗೆ ತೋರುವ ಪ್ರಾಮಾಣಿಕ ಕಾಳಜಿ ತಾನೇ ಒಂದು ರಕ್ಷಣೆಯಾಗಬಲ್ಲದೆ ಎಂಬುದು ಅವರ ಪ್ರಶ್ನೆ.

1969ರಲ್ಲಿ ಕೆಲಸ ಶುರುವಾಯಿತು. ನಗರದ 9 ಮನೋರೋಗ ಚಿಕಿತ್ಸಾ ಘಟಕಗಳಿಗೆ ಖಿನ್ನತೆಯಿಂದಲೋ ಆತ್ಮಹತ್ಯೆಯ ಸ್ಥಿತಿಯಿಂದಲೋ ದಾಖಲಾದ 3,005 ಮಂದಿಯನ್ನು ಸಂಶೋಧನಾ ತಂಡ ಸಂದರ್ಶಿಸಿತು. ಬಿಡುಗಡೆಯಾಗಿ ಒಂದು ತಿಂಗಳ ನಂತರ ವಿಚಾರಿಸಿದಾಗ, ಅವರಲ್ಲಿ 843 ಮಂದಿ ಮುಂದಿನ ಚಿಕಿತ್ಸೆಯನ್ನು ಬೇಡವೆಂದಿದ್ದರು ಅಥವಾ ಅರ್ಧಕ್ಕೇ ಬಿಟ್ಟಿದ್ದರು. ಮೊಟೊ ಆರಿಸಿಕೊಂಡದ್ದು ಇವರನ್ನೇ. ಚಿಕಿತ್ಸೆಗೆ ಒಪ್ಪಿದವರ ಮೇಲೆ ಪ್ರಯೋಗ ಮಾಡುವುದು ಸುಲಭವಿತ್ತು. ಆಸ್ಪತ್ರೆಗೆ ಬೆನ್ನು ತಿರುಗಿಸಿದವರನ್ನು ತಲುಪಬಹುದೇ ಎಂದು ನೋಡಲು ಹೊರಟದ್ದು ಈ ಅಧ್ಯಯನದ ದೊಡ್ಡತನ. ಅವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. 389 ಮಂದಿಗೆ ಪತ್ರಗಳು ಹೋದವು, 454 ಮಂದಿಗೆ ಹೋಗಲಿಲ್ಲ.

ಮೊದಲ 4 ತಿಂಗಳು ತಿಂಗಳಿಗೊಂದು, ಮುಂದಿನ 8 ತಿಂಗಳು ಎರಡು ತಿಂಗಳಿಗೊಂದು, ಆಮೇಲೆ 4 ವರ್ಷ ಮೂರು ತಿಂಗಳಿಗೊಂದು: ಹೀಗೆ 5 ವರ್ಷಗಳಲ್ಲಿ 24 ಪತ್ರ. ಪತ್ರ ಎರಡು ಮೂರು ಸಾಲಿನದು. ನೀವು ಇಲ್ಲಿಂದ ಹೋಗಿ ಸ್ವಲ್ಪ ಕಾಲವಾಯಿತು, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ, ನಮಗೆ ಸಂತೋಷ ಎಂಬಷ್ಟು ವಿಷಯ. ಹಳೆಯ ಕನ್ನಡ ಮನೆಗಳಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು ಎಂದು ಮುಗಿಯುತ್ತಿದ್ದ ಅಂಚೆ ಕಾರ್ಡಿಗೂ ಇದಕ್ಕೂ ಬಹಳ ದೂರವಿಲ್ಲ. ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದಾಗಲಿ, ಬಂದು ಡಾಕ್ಟರನ್ನು ನೋಡಿ ಎಂದಾಗಲಿ ಅದರಲ್ಲಿ ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಆ ವ್ಯಕ್ತಿಯನ್ನು ಸಂದರ್ಶಿಸಿದ್ದವರೇ ಪತ್ರಕ್ಕೆ ಸಹಿ ಮಾಡುತ್ತಿದ್ದರು. ಪ್ರತಿ ಸಲವೂ ಮಾತು ಬದಲಾಗುತ್ತಿತ್ತು; ಅಚ್ಚು ಹಾಕಿಸಿದ ಸುತ್ತೋಲೆಯಂತೆ ಕಾಣಬಾರದೆಂಬ ಎಚ್ಚರವಿತ್ತು. ಉತ್ತರ ಬರೆದವರಿಗೆ ಅವರ ಮಾತಿಗೆ ತಕ್ಕ ಮರುಮಾತು ಹೋಗುತ್ತಿತ್ತು. ಪತ್ರದ ಜೊತೆ ಮರುವಿಳಾಸ ಬರೆದ ಲಕೋಟೆಯೊಂದನ್ನು ಇಡುತ್ತಿದ್ದರು.

ಉತ್ತರಗಳೂ ಬಂದವು. ಇಷ್ಟು ಕಾಲವಾದರೂ ತಮ್ಮನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಬೆರಗಾದವರು, ಪತ್ರ ಬಂದ ದಿನ ಮನಸ್ಸು ಹಗುರಾಯಿತೆಂದವರು ಇದ್ದರು. ಮೊದಮೊದಲು ಕಿರಿಕಿರಿಯಾದವರೂ ಇದ್ದರು. ಅವರಲ್ಲೊಬ್ಬರು, ಇಷ್ಟು ಬೆನ್ನು ಬಿಡದೆ ಬರೆಯುತ್ತಿದ್ದೀರೆಂದರೆ ನಿಮಗೆ ನಿಜವಾಗಿಯೂ ನನ್ನ ಬಗ್ಗೆ ಕಾಳಜಿ ಇರಲೇಬೇಕು ಎಂದು ಬೈಗುಳ ಬೆರೆಸಿಯೇ ಬರೆದರು. ಎಷ್ಟೋ ಮಂದಿ ಒಂದಕ್ಕೂ ಉತ್ತರಿಸಲಿಲ್ಲ. ಉತ್ತರ ಬಾರದಿದ್ದರೂ ಪತ್ರ ನಿಲ್ಲಲಿಲ್ಲ. ಪದ್ಧತಿಯ ತಿರುಳು ಅದೇ ಆಗಿತ್ತು.

ಮೊದಲ ಫಲಿತಾಂಶಗಳು 1976ರಲ್ಲಿ ಹೊರಬಂದವು. ಅಲನ್ ಬೋಸ್ಟ್ರಮ್ ಜೊತೆ ಸೇರಿ ಮೊಟೊ ಪೂರ್ಣ ವರದಿಯನ್ನು ಪ್ರಕಟಿಸಿದ್ದು 2001ರಲ್ಲಿ. 15 ವರ್ಷಗಳ ಮರಣ ದಾಖಲೆಗಳನ್ನು ತಂಡ ಅಷ್ಟರಲ್ಲಿ ಪರಿಶೀಲಿಸಿತ್ತು. ಅಪಾಯ ಅತಿ ಹೆಚ್ಚಿರುವ ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರ ಆತ್ಮಹತ್ಯೆ ಪ್ರಮಾಣ ಪಡೆಯದವರದಕ್ಕಿಂತ ಸುಮಾರು ಅರ್ಧದಷ್ಟಿತ್ತು. ಆಮೇಲೆ ಅಂತರ ಕಿರಿದಾಗುತ್ತ ಹೋಗಿ, 14ನೇ ವರ್ಷದ ಹೊತ್ತಿಗೆ ಇಲ್ಲವಾಯಿತು. ಆತ್ಮಹತ್ಯೆಯಿಂದಾಗುವ ಸಾವನ್ನೇ ಅಳೆದು, ಒಂದು ಮಧ್ಯಪ್ರವೇಶ ಅದನ್ನು ಕಡಿಮೆ ಮಾಡಿತೆಂದು ತೋರಿಸಿದ ಯಾದೃಚ್ಛಿಕ ಪ್ರಯೋಗ ಅಲ್ಲಿಯವರೆಗೆ ಇನ್ನೊಂದಿರಲಿಲ್ಲ ಎಂದೇ ಈ ಕ್ಷೇತ್ರದವರು ಎಣಿಸುತ್ತಾರೆ. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಜಗತ್ತು ಅದರ ಹಿಂದೆ ಓಡುತ್ತಿತ್ತು. ಅಂಚೆಚೀಟಿ, ಕಾಗದ, ಬೆರಳಚ್ಚು ಯಂತ್ರದ ಈ ಚಿಕಿತ್ಸೆಯನ್ನು ಇತರ ಆಸ್ಪತ್ರೆಗಳು ಕೈಗೆತ್ತಿಕೊಳ್ಳಲು ದಶಕಗಳೇ ಹಿಡಿದವು. ಮೊಟೊ 2015ರಲ್ಲಿ ತೀರಿಕೊಂಡರು.

ಅದೇ ವಿಚಾರ ಬೇರೆ ಬೇರೆ ರೂಪಗಳಲ್ಲಿ ಬೇರೆಡೆ ಮೂಡುತ್ತಿತ್ತು. ಇಟಲಿಯ ವೆನೆಟೊ ಪ್ರಾಂತದಲ್ಲಿ 1988ರಿಂದ ವೃದ್ಧರಿಗಾಗಿ ಎರಡು ಭಾಗಗಳ ಸೇವೆಯೊಂದು ನಡೆಯಿತು. ತುರ್ತಿಗೆ ಒತ್ತಲು ಒಂದು ಸಣ್ಣ ಸಾಧನ ಅದರ ಒಂದು ಭಾಗ. ಇನ್ನೊಂದು, ತರಬೇತಿ ಪಡೆದ ಸಿಬ್ಬಂದಿ ವಾರಕ್ಕೆ ಎರಡು ಸಲ ತಾವಾಗಿಯೇ ಫೋನು ಮಾಡಿ ಮಾತಾಡಿಸುವುದು. ಒಂಟಿಯಾಗಿ, ಕಾಯಿಲೆಯೊಡನೆ ಬದುಕುತ್ತಿದ್ದ ಮುದುಕಿಯರೇ ಇದರಲ್ಲಿ ಹೆಚ್ಚು. ಸೇವೆ ಶುರುವಾದದ್ದು ಆತ್ಮಹತ್ಯೆ ತಡೆಯಲೆಂದಲ್ಲ, ವೃದ್ಧರು ತಮ್ಮ ಮನೆಯಲ್ಲೇ ನೆಮ್ಮದಿಯಾಗಿರಲೆಂದು. ಮನೋವೈದ್ಯ ಡಿಯೆಗೊ ಡಿ ಲಿಯೊ 11 ವರ್ಷಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಸೇವೆ ಪಡೆದ 18,641 ಮಂದಿಯಲ್ಲಿ ಆ ಪ್ರಾಂತದ ಸಾಮಾನ್ಯ ಪ್ರಮಾಣದಂತೆ ಸುಮಾರು 21 ಆತ್ಮಹತ್ಯೆಗಳನ್ನು ನಿರೀಕ್ಷಿಸಬೇಕಿತ್ತು, ಆದದ್ದು 6. ಉಳಿತಾಯ ಕಂಡದ್ದು ಹೆಂಗಸರಲ್ಲಿ ಹೆಚ್ಚು. ಗಂಡಸರನ್ನು ಫೋನಿನ ಮಾತು ಅಷ್ಟಾಗಿ ಏಕೆ ತಲುಪಲಿಲ್ಲ ಎಂಬ ಪ್ರಶ್ನೆ ಅಂದಿನಿಂದ ಈ ಕ್ಷೇತ್ರವನ್ನು ಬಿಟ್ಟಿಲ್ಲ.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ 1990ರ ದಶಕದಲ್ಲಿ ಹಸಿರು ಕಾರ್ಡೊಂದನ್ನು ಕೊಟ್ಟು, ಸಂಕಟ ಬಂದಾಗ ಯಾವ ಹೊತ್ತಿನಲ್ಲಾದರೂ ಡಾಕ್ಟರಿಗೆ ಫೋನು ಮಾಡಿ ಎಂದು ಹೇಳಿ ನೋಡಿದರು. ಮೊದಲ ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು, ನಂತರದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಕರೆ ಮಾಡುವ ಹೊಣೆ ಮತ್ತೆ ರೋಗಿಯ ಮೇಲೇ ಬಿದ್ದದ್ದು ಇದಕ್ಕೊಂದು ಕಾರಣವಿರಬಹುದು.

ಮೊಟೊ ಅವರ ಪತ್ರ ಅಂಚೆ ಕಾರ್ಡಾದದ್ದು ಆಸ್ಟ್ರೇಲಿಯದ ನ್ಯೂಕಾಸಲ್‌ನಲ್ಲಿ. ಅಲ್ಲಿನ ಮೇಟರ್ ಆಸ್ಪತ್ರೆಗೆ ವಿಷಪ್ರಾಶನದಿಂದ ದಾಖಲಾಗಿ ಚೇತರಿಸಿಕೊಂಡ 772 ಮಂದಿಯಲ್ಲಿ ಒಂದು ಗುಂಪಿಗೆ ಗ್ರೆಗರಿ ಕಾರ್ಟರ್ ಮತ್ತು ಸಂಗಡಿಗರು ಒಂದು ವರ್ಷದಲ್ಲಿ 8 ಕಾರ್ಡುಗಳನ್ನು ಕಳಿಸಿದರು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಅವನ್ನು ಮುಚ್ಚಿದ ಲಕೋಟೆಯಲ್ಲಿ ಇಡುತ್ತಿದ್ದರು. 2005ರಲ್ಲಿ ಹೊರಬಂದ ಫಲಿತಾಂಶ ಎರಡು ಮುಖದ್ದು. ಮತ್ತೆ ಯತ್ನಿಸಿದವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಮತ್ತೆ ಮತ್ತೆ ನಡೆದ ಯತ್ನಗಳ ಒಟ್ಟು ಲೆಕ್ಕ ಕಾರ್ಡು ಪಡೆಯದವರಲ್ಲಿ 192 ಇದ್ದರೆ ಪಡೆದವರಲ್ಲಿ 101 ಇತ್ತು. ಒಂದೇ ವರ್ಷ ಕಳಿಸಿದ ಕಾರ್ಡುಗಳ ಪರಿಣಾಮ 5 ವರ್ಷಗಳ ನಂತರವೂ ಉಳಿದಿತ್ತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಅನೆಟ್ ಬೋಟ್ರೆ ಮತ್ತು ಸಂಗಡಿಗರು ಇದನ್ನೇ ಮಾಡಿ 2010ರಲ್ಲಿ ಪ್ರಕಟಿಸಿದಾಗ, ಹಿಂದಿನ ಯತ್ನಗಳ ಲೆಕ್ಕವನ್ನು ಸರಿದೂಗಿಸಿದ ಮೇಲೆ ಪರಿಣಾಮ ಉಳಿಯಲಿಲ್ಲ.

ಮರುವರ್ಷ ತೆಹ್ರಾನಿನಿಂದ ಬಂದ ಸುದ್ದಿ ಇದಕ್ಕಿಂತ ಭರವಸೆಯದಾಗಿತ್ತು. ಅಲ್ಲಿನ ಲೊಕ್ಮಾನ್ ಹಕೀಮ್ ಆಸ್ಪತ್ರೆಯಲ್ಲಿ ಹುಸೇನ್ ಹಸನಿಯಾನ್ ಮೊಘದ್ದಮ್ ಅವರ ತಂಡ 2,300 ಮಂದಿಯೊಂದಿಗೆ ಪ್ರಯೋಗ ನಡೆಸಿತು. ವರ್ಷದಲ್ಲಿ 8 ಕಾರ್ಡು, ಅದರ ಜೊತೆಗೆ ಹುಟ್ಟುಹಬ್ಬಕ್ಕೆ ಇನ್ನೊಂದು. ಕಾರ್ಡು ಪಡೆದವರಲ್ಲಿ ಆತ್ಮಹತ್ಯೆಯ ಯೋಚನೆಯೂ ಯತ್ನವೂ ಸ್ಪಷ್ಟವಾಗಿ ಇಳಿದವು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಮೊದಲೇ ಹಲವು ಬಗೆಯ ನೆರವು ದೊರೆಯುತ್ತಿದ್ದುದರಿಂದ ಒಂದು ಕಾರ್ಡು ಅದರ ಮೇಲೆ ಹೆಚ್ಚೇನೂ ಸೇರಿಸಲಿಲ್ಲವೇನೋ. ಡಿಸ್ಚಾರ್ಜ್ ಆದ ಮೇಲೆ ಯಾರೂ ಕೇಳದಿರುವ ಕಡೆ ಅದೇ ಕಾರ್ಡಿನ ತೂಕ ಹೆಚ್ಚು. ಭಾರತದಂಥ ದೇಶಕ್ಕೆ ಈ ಮಾತು ಮುಖ್ಯ.

ಪತ್ರದ ಬದಲು ಫೋನನ್ನು ಹಿಡಿದವರು ಫ್ರಾನ್ಸಿನ ವೈದ್ಯರು. ಗಿಯೋಮ್ ವೈವಾ ಅವರ ತಂಡ ಉತ್ತರ ಫ್ರಾನ್ಸಿನ 13 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 605 ಮಂದಿಯನ್ನು ಸೇರಿಸಿಕೊಂಡು, ಕೆಲವರಿಗೆ ಒಂದು ತಿಂಗಳಿಗೆ, ಕೆಲವರಿಗೆ ಮೂರು ತಿಂಗಳಿಗೆ ಮನೋವೈದ್ಯರಿಂದಲೇ ಫೋನು ಮಾಡಿಸಿತು. 2006ರಲ್ಲಿ ಪ್ರಕಟವಾದ ವರದಿಯಂತೆ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಖಚಿತವಾಗಿರಲಿಲ್ಲ. ಒಂದು ತಿಂಗಳಿಗೆ ಫೋನಿನಲ್ಲಿ ನಿಜಕ್ಕೂ ಸಿಕ್ಕವರಲ್ಲಿ ಮಾತ್ರ ಮರುಯತ್ನ ಶೇ. 12ಕ್ಕೆ ಇಳಿದಿತ್ತು, ಕರೆ ಇಲ್ಲದವರಲ್ಲಿ ಅದು ಶೇ. 22. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ನೋಡಿ ಕಾರ್ಡು, ಫೋನು, ಅಂಚೆ ಮೂರನ್ನೂ ಹೆಣೆದ ‘ವಿಜಿಲಾನ್ಸ್’ ಎಂಬ ವ್ಯವಸ್ಥೆ ಅದೇ ಪ್ರದೇಶದಲ್ಲಿ 2015ರಲ್ಲಿ ಆರಂಭವಾಗಿ ಮುಂದೆ ದೇಶದ ಉಳಿದ ಭಾಗಗಳಿಗೂ ಹರಡಿತು. ಯತ್ನಿಸಿದ ಪ್ರತಿಯೊಬ್ಬರ ಕೈಗೂ ಸಂಪರ್ಕ ಸಂಖ್ಯೆಯಿರುವ ಕಾರ್ಡು ಸಿಗುತ್ತದೆ. ಹಿಂದೆಯೂ ಯತ್ನಿಸಿದ್ದವರಿಗೆ 10ರಿಂದ 21 ದಿನಗಳೊಳಗೆ ಕರೆ ಹೋಗುತ್ತದೆ. ಫೋನಿಗೆ ಸಿಗದವರಿಗೆ ತಿಂಗಳಿಗೊಂದು ಅಂಚೆ ಕಾರ್ಡು. ತೈವಾನ್ ಇದಕ್ಕೂ ಮೊದಲೇ, 2006ರಿಂದ, ಯತ್ನದ ಪ್ರತಿ ಪ್ರಕರಣವನ್ನೂ ದಾಖಲಿಸಿ ಕಾರ್ಯಕರ್ತರ ಮೂಲಕ ವಿಚಾರಿಸಿಕೊಳ್ಳುವ ರಾಷ್ಟ್ರೀಯ ಏರ್ಪಾಡನ್ನು ಕಟ್ಟಿತ್ತು.

ಈ ಚರಿತ್ರೆಯಲ್ಲಿ ಭಾರತಕ್ಕೆ ಹತ್ತಿರದ ಅಧ್ಯಾಯ ವಿಶ್ವ ಆರೋಗ್ಯ ಸಂಸ್ಥೆಯದು. ಸಂಸ್ಥೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಐದು ಊರುಗಳಲ್ಲಿ ಏಕಕಾಲಕ್ಕೆ ಒಂದು ಪ್ರಯೋಗ ನಡೆಸಿತು: ಬ್ರೆಜಿಲ್‌ನ ಕಾಂಪಿನಾಸ್, ಶ್ರೀಲಂಕಾದ ಕೊಲಂಬೊ, ಇರಾನಿನ ಕರಜ್, ಚೀನಾದ ಯುಂಚೆಂಗ್, ಭಾರತದ ಚೆನ್ನೈ. ಚೆನ್ನೈ ಭಾಗದ ನೇತೃತ್ವ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಅವರದು. 1986ರಲ್ಲಿ ಆ ನಗರದಲ್ಲಿ ‘ಸ್ನೇಹಾ’ ಎಂಬ ಆತ್ಮಹತ್ಯೆ ತಡೆ ಸಂಸ್ಥೆಯನ್ನು ಆರಂಭಿಸಿದವರು ಅವರೇ. ತುರ್ತು ವಿಭಾಗಕ್ಕೆ ಬಂದು ಉಳಿದುಕೊಂಡ 1,867 ಮಂದಿ ಈ ಪ್ರಯೋಗದಲ್ಲಿದ್ದರು. ಅರ್ಧದಷ್ಟು ಜನರಿಗೆ ಆಯಾ ಆಸ್ಪತ್ರೆಯ ವಾಡಿಕೆಯ ಚಿಕಿತ್ಸೆ. ಉಳಿದವರೊಂದಿಗೆ ಡಿಸ್ಚಾರ್ಜ್‌ಗೆ ಮೊದಲು ಒಂದು ಗಂಟೆ ಕುಳಿತು ಮಾತಾಡಿ, ಈ ಸಂಕಟ ಏಕೆ ಬರುತ್ತದೆ, ಮತ್ತೆ ಬಂದರೆ ಏನು ಮಾಡಬಹುದು, ಎಲ್ಲಿಗೆ ಹೋಗಬಹುದು ಎಂದು ತಿಳಿಸಲಾಯಿತು. ಆಮೇಲೆ 18 ತಿಂಗಳಲ್ಲಿ 9 ಸಲ ಅವರನ್ನು ವಿಚಾರಿಸಲಾಯಿತು. ಮೊದಲ ಭೇಟಿ ಒಂದು ವಾರಕ್ಕೆ, ಎರಡನೆಯದು ಎರಡು ವಾರಕ್ಕೆ, ನಂತರ 4, 7, 11 ವಾರಗಳಿಗೆ, ಕೊನೆಗೆ 4, 6, 12, 18 ತಿಂಗಳಿಗೆ. ಅಪಾಯ ಹೆಚ್ಚಿರುವಾಗ ದಟ್ಟವಾಗಿ, ಕಡಿಮೆಯಾದಂತೆ ಅಂತರ ಬಿಟ್ಟು. ಫೋನಿದ್ದವರಿಗೆ ಫೋನು. ಇಲ್ಲದವರ ಮನೆಗೆ ನರ್ಸೋ ಮನಶ್ಶಾಸ್ತ್ರಜ್ಞರೋ ಡಾಕ್ಟರೋ ತಾವೇ ಹೋದರು.

2008ರಲ್ಲಿ ಅಲೆಕ್ಸಾಂಡ್ರಾ ಫ್ಲೈಶ್‌ಮನ್ ಮತ್ತು ಸಂಗಡಿಗರು ಇದರ ಫಲಿತಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. 18 ತಿಂಗಳು ಕಳೆಯುವಷ್ಟರಲ್ಲಿ ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ವಿಚಾರಿಸಿಕೊಳ್ಳಲಾದವರ ಗುಂಪಿನಲ್ಲಿ ಇಬ್ಬರು. ಇದಕ್ಕೆ ಬೇಕಾದದ್ದು ತರಬೇತಿ ಪಡೆದ ಒಬ್ಬ ಸಿಬ್ಬಂದಿ, ಒಂದು ಪಟ್ಟಿ, ಮತ್ತು ಆ ಪಟ್ಟಿಯನ್ನು ಬಿಡದೆ ಹಿಡಿದು ಸಾಗುವ ಶಿಸ್ತು. ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಇದೇ ಪದ್ಧತಿಯನ್ನು ಮುಂದೆ ಫ್ರೆಂಚ್ ಪಾಲಿನೇಷ್ಯಾದಲ್ಲಿ ಪ್ರಯೋಗಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ, ಅಲ್ಲಿ ಸೇರಿದ್ದ ಜನರ ಸಂಖ್ಯೆ ಸಣ್ಣದು. ಆದರೂ 2017ರಲ್ಲಿ ನಟಾಲಿ ರಿಬ್ಲೆಟ್ ತಂಡ ಆತ್ಮಹತ್ಯೆ ತಡೆಯ ಎಲ್ಲ ಬಗೆಯ ಪ್ರಯೋಗಗಳನ್ನೂ ಒಟ್ಟಿಗಿಟ್ಟು ತೂಗಿದಾಗ, ಸಾವನ್ನು ತಗ್ಗಿಸುವಲ್ಲಿ ಎದ್ದು ನಿಂತದ್ದು ಈ ಪದ್ಧತಿಯೇ.

ಲಕ್ಷ್ಮಿ ವಿಜಯಕುಮಾರ್ ಅವರ ತಂಡ ತಮಿಳುನಾಡಿನ ಶ್ರೀಲಂಕಾ ನಿರಾಶ್ರಿತರ ಶಿಬಿರಗಳಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಅಲ್ಲಿ ವಿಚಾರಿಸಿಕೊಳ್ಳುವ ಕೆಲಸಕ್ಕೆ ನಿಂತವರು ಡಾಕ್ಟರುಗಳಲ್ಲ, ಶಿಬಿರದಲ್ಲೇ ಬದುಕುತ್ತಿದ್ದು ತರಬೇತಿ ಪಡೆದ ನಿರಾಶ್ರಿತರು. 2017ರಲ್ಲಿ ಪ್ರಕಟವಾದ ವರದಿ ಅಲ್ಲಿಯೂ ಯತ್ನ ಮತ್ತು ಸಾವುಗಳು ಇಳಿದದ್ದನ್ನು ದಾಖಲಿಸಿತು. ಮನೋವೈದ್ಯರು ವಿರಳವಾದ ಊರುಗಳಲ್ಲಿ ಇದು ಆಗದ ಕೆಲಸ ಎನ್ನುವವರಿಗೆ ಆ ಶಿಬಿರಗಳು ಉತ್ತರ.

ಆಮೇಲಿನ ವರ್ಷಗಳಲ್ಲಿ ದೂರದ ವಿಚಾರಣೆ ಒಂಟಿಯಾಗಿ ಉಳಿಯಲಿಲ್ಲ, ಬೇರೆ ಕ್ರಮಗಳ ಜೊತೆ ಸೇರಿತು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಅಮೆರಿಕದಲ್ಲಿ ರೂಪಿಸಿದ ‘ಸುರಕ್ಷಾ ಯೋಜನೆ’ಯಲ್ಲಿ ರೋಗಿಯೇ ಸಿಬ್ಬಂದಿಯ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆದಿಡುತ್ತಾರೆ: ಸಂಕಟ ಏರುವ ಮುನ್ಸೂಚನೆ ಏನು, ಆಗ ಮನಸ್ಸನ್ನು ಬೇರೆಡೆ ತಿರುಗಿಸುವುದು ಹೇಗೆ, ಯಾರ ಬಳಿ ಹೋಗಬಹುದು, ಯಾರಿಗೆ ಫೋನು ಮಾಡಬಹುದು, ಮನೆಯಲ್ಲಿ ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡುವವರು ಯಾರು. ಮಾಜಿ ಸೈನಿಕರ 9 ಆಸ್ಪತ್ರೆಗಳಲ್ಲಿ 1,640 ಮಂದಿಯ ನಡುವೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಹಾಳೆಯ ಜೊತೆ ಫೋನು ವಿಚಾರಣೆ ಪಡೆದವರಲ್ಲಿ ಮುಂದಿನ 6 ತಿಂಗಳ ಆತ್ಮಹತ್ಯಾ ವರ್ತನೆ ಶೇ. 45ರಷ್ಟು ಕಡಿಮೆಯಿತ್ತು. ಕರೆ ಮೊದಲ 72 ಗಂಟೆಗಳೊಳಗೇ ಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನ ಬೆರ್ನ್‌ನಲ್ಲಿ ಕೊನ್ರಾಡ್ ಮಿಶೆಲ್ ಮತ್ತು ಆನ್ಯಾ ಗೀಸಿನ್ ಮೈಯಾರ್ ಮೂರು ಸಲದ ಆಪ್ತಮಾತುಕತೆಗೆ ಎರಡು ವರ್ಷಗಳ 6 ಪತ್ರಗಳನ್ನು ಜೋಡಿಸಿದರು. ಒಟ್ಟು 120 ಮಂದಿಯ ಆ ಪ್ರಯೋಗದಲ್ಲಿ ಮರುಯತ್ನಗಳು ಪತ್ರ ಪಡೆಯದ ಗುಂಪಿನಲ್ಲಿ 41, ಪತ್ರ ಪಡೆದ ಗುಂಪಿನಲ್ಲಿ 5.

ಮೊಬೈಲ್ ಬಂದ ಮೇಲೆ ಪತ್ರ ಸಂದೇಶವಾಯಿತು. ಕ್ಯಾಥರೀನ್ ಕೊಮ್ತುವಾ ಅವರ ತಂಡ ಅಮೆರಿಕದ ಸೇನೆಯಲ್ಲಿದ್ದ 657 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವರ್ಷದಲ್ಲಿ 11 ಸಂದೇಶ ಕಳಿಸಿತು. ಮುಖ್ಯ ಅಳತೆಗೋಲುಗಳಲ್ಲಿ ವ್ಯತ್ಯಾಸ ಸಿಗಲಿಲ್ಲ, ಆದರೆ ಸಂದೇಶ ಪಡೆದವರಲ್ಲಿ ಯತ್ನಿಸಿದವರ ಪ್ರಮಾಣ ಕಡಿಮೆಯಿತ್ತು. ಅಮೆರಿಕದ ಮಾಜಿ ಸೈನಿಕರ ಇಲಾಖೆ 2020ರಲ್ಲಿ ತನ್ನ ಸಹಾಯವಾಣಿಗೆ ಕರೆ ಮಾಡಿದವರಿಗೆ ಕ್ಷೇಮಪತ್ರ ಕಳಿಸತೊಡಗಿತು. ಮೊಟೊ ಪ್ರಯೋಗ ಶುರುಮಾಡಿ ಅಷ್ಟರಲ್ಲಿ 51 ವರ್ಷ ಕಳೆದಿತ್ತು.

ಇಷ್ಟು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಚಿತ್ರ ಏಕರೂಪವಾಗಿಲ್ಲ. ಅಲಿಸನ್ ಮಿಲ್ನರ್ ತಂಡ 2015ರಲ್ಲಿ ಪತ್ರ, ಕಾರ್ಡು, ಫೋನು ಪ್ರಯೋಗಗಳನ್ನು ವಿಶ್ಲೇಷಿಸಿ, ಒಬ್ಬರು ಪದೇ ಪದೇ ಯತ್ನಿಸುವುದು ತಗ್ಗುತ್ತದೆ, ಸಾವಿನ ಸಂಖ್ಯೆ ತಗ್ಗಿತೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿತು. ಇದನ್ನು ಮರೆಮಾಚಬಾರದು. ದೂರದ ವಿಚಾರಣೆ ಔಷಧಿಗೂ ಮನೋಚಿಕಿತ್ಸೆಗೂ ಬದಲಿಯಲ್ಲ, ಬಡತನವನ್ನೋ ಮನೆಯ ಹಿಂಸೆಯನ್ನೋ ಅದು ನಿವಾರಿಸುವುದಿಲ್ಲ. ಆದರೆ ಫಲ ಕೊಟ್ಟ ಪ್ರಯೋಗಗಳಲ್ಲಿ ಕೆಲವು ಗುಣಗಳು ಮತ್ತೆ ಮತ್ತೆ ಕಾಣುತ್ತವೆ. ಬರೆಯುವವರು ಅಥವಾ ಕರೆಯುವವರು ಆ ವ್ಯಕ್ತಿಯನ್ನು ಒಮ್ಮೆಯಾದರೂ ಮುಖಾಮುಖಿ ಕಂಡಿರುತ್ತಾರೆ. ವಿಚಾರಣೆ ಬೇಗ ಶುರುವಾಗುತ್ತದೆ, ಮಧ್ಯೆ ತಪ್ಪುವುದಿಲ್ಲ. ಮಾತಿನಲ್ಲಿ ಬುದ್ಧಿವಾದ ಇರುವುದಿಲ್ಲ. ಉತ್ತರ ಕೊಡದಿರುವ ಸ್ವಾತಂತ್ರ್ಯ ರೋಗಿಗೆ ಇರುತ್ತದೆ. ಸಂಕಟ ಉಲ್ಬಣಿಸಿದ್ದು ತಿಳಿದರೆ ಒಯ್ದು ಸೇರಿಸಲು ಒಂದು ಆಸ್ಪತ್ರೆ ಹಿಂದೆ ನಿಂತಿರುತ್ತದೆ. ಇವನ್ನು ಬಿಟ್ಟು ಯಂತ್ರ ಕಳಿಸುವ ಒಂದೇ ಅಚ್ಚಿನ ಸಂದೇಶಗಳನ್ನು ಈ ಪದ್ಧತಿಯ ಹೆಸರಿನಲ್ಲಿ ಎಣಿಸುವುದು ತಪ್ಪು.

ಕರ್ನಾಟಕದಲ್ಲಿ ಆತ್ಮಹತ್ಯೆಯ ಅಧ್ಯಯನ ಹೊಸದಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಸತ್ಯವತಿ ಮತ್ತು ಮೂರ್ತಿ ರಾವ್ ನಗರದ ಆತ್ಮಹತ್ಯೆಗಳ ಬಗ್ಗೆ 1961ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಆ ಸಂಸ್ಥೆ ಮುಂದೆ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಜಿ. ಗುರುರಾಜ್ ಮತ್ತು ಮೋಹನ್ ಐಸಾಕ್ ಅವರ ಬೆಂಗಳೂರು ಅಧ್ಯಯನ 2001ರಲ್ಲಿ ಬಂತು. ಆಸ್ಪತ್ರೆಯ ಗೋಡೆಯಾಚೆಗೆ ಚಿಕಿತ್ಸೆ ಒಯ್ಯುವ ಪಾಠವೂ ಇಲ್ಲಿಯದೇ. ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದ ಸುತ್ತಲ ಹಳ್ಳಿಗಳಲ್ಲಿ, 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಕಾರ್ಯಕರ್ತರ ಮೂಲಕವೇ ಮಾನಸಿಕ ರೋಗಿಗಳನ್ನು ನೋಡಿಕೊಳ್ಳಬಹುದೆಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಆದರೂ ಯತ್ನಿಸಿದವರನ್ನು ಬೆನ್ನತ್ತಿ ವಿಚಾರಿಸುವುದಕ್ಕೆ ಕಾನೂನೇ ಬಹುಕಾಲ ಅಡ್ಡವಾಗಿತ್ತು. ದಂಡಸಂಹಿತೆಯ 309ನೇ ಕಲಮಿನ ಪ್ರಕಾರ ಯತ್ನ ಅಪರಾಧವಾಗಿತ್ತು. ವೈದ್ಯಕೀಯ-ಕಾನೂನು (ಎಂಎಲ್‌ಸಿ) ಕೇಸು, ಪೊಲೀಸ್ ಹೇಳಿಕೆ ಎಂಬ ಹೆದರಿಕೆಯಿಂದ ಮನೆಯವರು ಅದನ್ನು ಆಕಸ್ಮಿಕವೆಂದೇ ಹೇಳುತ್ತಿದ್ದರು, ಸಾಧ್ಯವಾದಷ್ಟು ಬೇಗ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದರು, ಸರಿಯಾದ ವಿಳಾಸ ಕೊಡಲೂ ಅಂಜುತ್ತಿದ್ದರು. ವಿಳಾಸವೇ ಇಲ್ಲದಿದ್ದರೆ ಪತ್ರ ಯಾರಿಗೆ? 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲು ಮಾಡುವ ಯತ್ನವಷ್ಟೇ ಈಗ ಅಪರಾಧ.

ನೆರವಿನ ಫೋನುಗಳೂ ಹೆಚ್ಚಿದವು. ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ನಿನ ‘ಸಹಾಯ್’ 2002ರಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ದೇಶಾದ್ಯಂತ ಶುರುವಾಯಿತು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 2025ರ ಹೊತ್ತಿಗೆ ಇದಕ್ಕೆ ಬಂದ ಕರೆಗಳು 20 ಲಕ್ಷ ದಾಟಿದ್ದವು. ಮೊದಲ ಹಂತದಲ್ಲಿ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ.

ಇದು ದೊಡ್ಡ ಸಾಧನೆ. ಆದರೆ ಮೂಲತಃ ಇದು ಕಾಯುವ ಬಗೆಯದು. ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಹುಡುಕಿಕೊಂಡು ಹೋಗುವ ಬಗೆ ಇನ್ನೂ ವಾಡಿಕೆಯಾಗಿಲ್ಲ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಹೇಳುತ್ತದೆ, ಅವರಲ್ಲಿ 13,606 ಮಂದಿ ಕರ್ನಾಟಕದವರು. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ 2030ರೊಳಗೆ ಈ ಸಾವುಗಳನ್ನು ಶೇ. 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಹಳ್ಳಿಯ ಮನೆಗಳಲ್ಲಿ ಒಂದೇ ಮೊಬೈಲು ಇರುವುದು, ಅದು ಗಂಡನ ಅಥವಾ ಮಗನ ಕೈಯಲ್ಲಿರುವುದು, ಸೊಸೆಗೆ ಒಬ್ಬಳೇ ಕುಳಿತು ಮಾತಾಡಲು ಜಾಗವಿಲ್ಲದಿರುವುದು ನಿಜವಾದ ತೊಡಕುಗಳು. ಫೋನಿಲ್ಲದ ಮನೆಗಳಿಗೆ ಸಿಬ್ಬಂದಿ ತಾವೇ ನಡೆದುಹೋದ ಪ್ರಯೋಗ ಅದನ್ನೂ ಬಿಡಿಸಿ ತೋರಿಸಿದೆ, ಮತ್ತು ಆಶಾ ಕಾರ್ಯಕರ್ತೆಯರಿಗೆ ಊರಿನ ಪ್ರತಿ ಮನೆಯೂ ಗೊತ್ತು. 115ನೇ ಕಲಮಿನ ಎರಡನೇ ಭಾಗ, ಯತ್ನಿಸಿದವರು ಮತ್ತೆ ಅದೇ ಅಪಾಯಕ್ಕೆ ಸಿಲುಕದಂತೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಹೇಳುತ್ತದೆ. ಡಿಸ್ಚಾರ್ಜ್ ಚೀಟಿ ಬರೆಯುವಾಗಲೇ ಮೊದಲ ವಾರದ ಕರೆಯ ತಾರೀಕನ್ನೂ, ಕರೆ ಮಾಡುವವರ ಹೆಸರನ್ನೂ ಬರೆದಿಡುವುದು ಪ್ರತಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ನಿಯಮವಾಗಬೇಕು. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಅಂಥ ಕರೆಗಾಗಿ ಯಾರೂ ಕಾಯಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬದುಕು ಬೇಡವೆನಿಸುತ್ತಿರುವವರು, ಅಂಥವರು ಮನೆಯಲ್ಲಿರುವವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.